ಎರೆಭೂತದ ತತ್ತಿ

ಟ್ರ್ಯಾಕ್ಟರ್ ಮೈಮೇಲೆ ಬಂದರೂ ಹಕ್ಕಿ ಕದಲಲಿಲ್ಲ. ಜಿಲಾನಿ ಪಾಷಾ ಗಾಬರಿಯಾಗಿ ಬ್ರೇಕ್ ತುಳಿದ. ಗಾಲಿಯಿಂದ ಮಾರು ದೂರದ ಹುಲ್ಲಿನಲ್ಲಿ, ಉದ್ದನೆಯ ಕೊರಳನ್ನು ನೆಲಕ್ಕೆ ಚಾಚಿ, ಕುರಿಮರಿಯಷ್ಟು ದೊಡ್ಡ ಎರೆಭೂತವೊಂದು ಕಾವಿಗೆ ಕೂತಿತ್ತು. ಅದರ ಕಣ್ಣು ಇವನ ಮೇಲೇ ನೆಟ್ಟಿತ್ತು.

ಅದು ಎಪ್ಪತ್ತೆಂಟರ ಆಷಾಢ. ಕುರ್ಡಿಯ ಆಚೆಗಿನ ಬೀಳಿಗೆ ಆ ವರ್ಷವೇ ಕಾಲುವೆ ನೀರು ಬರುವುದಿತ್ತು. ಹುಲ್ಲು ಹೊಡೆದು ಗದ್ದೆ ಮಾಡಿಸಲು ಗಡಿಗೆಪ್ಪ ಸಾವಕಾರರು ಮಾನ್ವಿಯಿಂದ ಅವನನ್ನು ಕರೆಸಿದ್ದರು.

"ಯಾಕೋ ನಿಂತಿ?" ಬದುವಿನ ಮೇಲಿಂದ ಅವರು ಕೇಳಿದರು.

"ಎರಿಭೂತ ಕುಂತಾದ್ರಿ ಸಾವಕಾರ್ರ. ತತ್ತಿ ಅದ."

"ತಾನ ಎದ್ದು ಹೋಗ್ತದ ತಗೋ. ನೀ ಹೊಡಿ."

ಜಿಲಾನಿ ಸ್ಟೇರಿಂಗ್ ತಿರುಗಿಸಿ ಪಕ್ಕಕ್ಕೆ ಹೋದ. ಸಂಜೆಗೆ ಹೊಲವೆಲ್ಲ ಕಪ್ಪಗೆ ತಿರುವಿಬಿದ್ದು, ನಡುವೆ ಕಂಬಳಿ ಹಾಸಿದಷ್ಟು ಹುಲ್ಲು ಮಾತ್ರ ಉಳಿದಿತ್ತು. ಗಡಿಗೆಪ್ಪ ಕೆಟ್ಟವರಲ್ಲ. ಅದನ್ನು ನೋಡಿ ನಕ್ಕರು. "ನೀ ಬಿಟ್ಟಿ. ನೀರು ಬಿಡ್ತದೇನು?"

ಬಿಡಲಿಲ್ಲ. ಮರುದಿನ ಬೆಳಿಗ್ಗೆ ತೂಬು ತೆಗೆದಿದ್ದರು. ಹಕ್ಕಿ ನೀರಿನಲ್ಲೇ ನಿಂತಿತ್ತು. ಅದರ ಕಾಲ ಸಂದಿಯಲ್ಲಿ ತತ್ತಿ ಅರ್ಧ ಮುಳುಗಿತ್ತು. ಜಿಲಾನಿ ಹತ್ತಿರ ಹೋದಾಗ ಸ್ವಲ್ಪ ಸರಿದು ನೋಡಿತು, ಆಮೇಲೆ ಭಾರವಾಗಿ ರೆಕ್ಕೆ ಬಡಿದು ದೇವದುರ್ಗದ ದಿಕ್ಕಿಗೆ ಹಾರಿತು. ತತ್ತಿಯನ್ನು ಒಣ ಬದುವಿನ ಮೇಲಿಟ್ಟು ಮಧ್ಯಾಹ್ನದವರೆಗೂ ಕಾದ. ಅದು ತಿರುಗಿ ಬರಲಿಲ್ಲ. ತತ್ತಿಯನ್ನು ರುಮಾಲಿನಲ್ಲಿ ಸುತ್ತಿ ಮನೆಗೆ ತಂದ.

"ಕಾಯ್ಕಾ ಅಂಡಾ ಜೀ ಯೇ?" ಎಂದು, ಅದು ಯಾವುದರ ತತ್ತಿಯೆಂದು ತಿಳಿಯದೆ ಹೆಂಡತಿ ಖತೀಜಾ ಬೀ ಕೇಳಿದಳು. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕಾವಿಗೆ ಕೂತಿದ್ದ ತನ್ನ ಕೋಳಿಯ ಹೊಟ್ಟೆಯಡಿ ಅದನ್ನು ಮೆಲ್ಲಗೆ ಸರಿಸಿಟ್ಟಳು.

ಜಿಲಾನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ದೇವದುರ್ಗ, ಜಾಲಹಳ್ಳಿ ಕಡೆಯಿಂದ ಬಂದಿಳಿದವರನ್ನೆಲ್ಲ ಕೇಳಿದ, "ನಿಮ್ಮ ಕಡಿ ಎರಿಭೂತ ಅದಾವೇನ್ರಿ?" ಕೆಲವರು ನಕ್ಕರು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಮಾತ್ರ ನಿಂತಳು.

"ನಾ ಲಗ್ನಾಗಿ ಬಂದಾಗ ಹಿಂಡು ಹಿಂಡು ಮೇಯ್ತಿದ್ವಪ್ಪಾ. ಹುಲ್ಲ ಇಲ್ಲಂದ್ರ ಅವಾದ್ರೂ ಎಲ್ಲಿರ್ತಾವ? ಯಾರು ಹೊಡದ್ರೋ ಏನೋ, ಅಷ್ಟೂ ಬೀಳು."

ಮಾನ್ವಿಯಿಂದ ಕುರ್ಡಿಯವರೆಗಿನ ಬೀಳೆಲ್ಲ ಹೊಡೆದವನು ನಾನೇ ಎಂಬ ಮಾತು ಜಿಲಾನಿಯ ಬಾಯಿಗೆ ಬಂತು. ಅವಳ ಬುಟ್ಟಿಗೆ ಕೈಕೊಟ್ಟು ಇಳಿಸಿದ, ಅಷ್ಟೆ.

ಕೋಳಿಮರಿಗಳೆಲ್ಲ ತತ್ತಿ ಒಡೆದು ಬಂದವು. ದೊಡ್ಡ ತತ್ತಿ ಹಾಗೇ ಉಳಿಯಿತು. ಕೋಳಿ ಮರಿಗಳೊಂದಿಗೆ ಅಂಗಳಕ್ಕಿಳಿದ ಮೇಲೂ ಖತೀಜಾ ಬೀ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಒಲೆಯ ಬದಿಗಿಟ್ಟಳು. ಅದು ನಾರತೊಡಗಿದಾಗ ಅವಳೇ ಬೇವಿನ ಬುಡದಲ್ಲಿ ಹುಗಿದು ಬಂದಳು.

ಶ್ರಾವಣದಲ್ಲಿ ಗಡಿಗೆಪ್ಪನವರ ಅಳಿಯನ ಬೀಳಿಗೆ ಕರೆ ಬಂತು. ಜಿಲಾನಿ ಎಂಜಿನ್ ಚಾಲೂ ಮಾಡಿ, ಹಾಗೇ ಬಿಟ್ಟು ಕೆಳಗಿಳಿದ. ಮೊಣಕಾಲುದ್ದದ ಹುಲ್ಲಿನಲ್ಲಿ, ಹಕ್ಕಿ ಕೂತಿದ್ದರೆ ಏಳಲೆಂದು ಚಪ್ಪಾಳೆ ತಟ್ಟುತ್ತ ಆ ತುದಿಯವರೆಗೆ ಹೋದ. ತಿರುಗಿ ಬಂದ. ಬದುವಿನ ಮೇಲಿದ್ದವರು ಏನೋ ಕೂಗುತ್ತಿದ್ದರು. ಗಾಳಿಗೆ ಹುಲ್ಲು ಮಲಗುತ್ತಿತ್ತು, ಏಳುತ್ತಿತ್ತು. ಅವನು ಇನ್ನೂ ತುಳಿಯದ ಕಡೆ ನೋಡಿಕೊಂಡು ಮತ್ತೆ ಚಪ್ಪಾಳೆ ತಟ್ಟುತ್ತ ಹೊರಟ.