ಫ್ರೀದಾಳ ಹವಾ ಬದಲಾವಣೆ

ಸಂತ ಬಾರ್ಬರಾ ಹಬ್ಬದ ದಿನ ಗೆರಾರ್ಡನ ಮನೆಯಲ್ಲಿ ಗಸಗಸೆ ಕೇಕು ಮುಗಿದರೂ ಸಲಹೆ ಮುಗಿಯಲಿಲ್ಲ. ಅದು ಗಣಿಯವರ ಹಬ್ಬ. ಇಪ್ಪತ್ತೇಳು ವರ್ಷ ಕಲ್ಲಿದ್ದಲು ಅಗೆದು ನಿವೃತ್ತನಾದ ಗೆರಾರ್ಡ್ ಕಪ್ಪು ಸಮವಸ್ತ್ರ ತೊಟ್ಟಿದ್ದ. ಗರಿಯ ಟೋಪಿಯನ್ನು ಪಕ್ಕದ ಕುರ್ಚಿಯಲ್ಲಿ ನೆಂಟನ ಹಾಗೆ ಕೂರಿಸಿಕೊಂಡು ಎಲ್ಲರ ಮಾತೂ ಕೇಳುತ್ತಿದ್ದ. ಪ್ರಶ್ನೆ ಒಂದೇ. ಹೆಂಡತಿ ಫ್ರೀದಾಳನ್ನು ಜನವರಿಯಲ್ಲಿ ಎಲ್ಲಿಗೆ ಕರೆದುಕೊಂಡು ಹೋಗುವುದು?

ಎದೆಯ ಡಾಕ್ಟರು ಈ ಸಲ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಆಸ್ತಮಾ ಹೋದ ವರ್ಷದ ಹಾಗಿಲ್ಲ. ಚಳಿ ಕಚ್ಚಿ ಹಿಡಿಯುವ ಮೂರು ವಾರ ಈಕೆ ಈ ಗಣಿಯೂರು ರಿಬ್ನಿಕ್‌ನಲ್ಲಿ ಇರಕೂಡದು. ಇನ್ನೊಂದು ದೊಡ್ಡ ಉಬ್ಬಸ ಬಂದರೆ ತಡೆದುಕೊಳ್ಳುವ ಶಕ್ತಿ ಆ ಎದೆಗಿಲ್ಲ. ಗೆರಾರ್ಡ್ ಏನೂ ಕೈಕಟ್ಟಿ ಕೂತವನಲ್ಲ. ಎರಡು ವರ್ಷದ ಹಿಂದೆಯೇ ನೆಲಮಾಳಿಗೆಯ ಕಲ್ಲಿದ್ದಲ ಒಲೆ ಕಿತ್ತುಹಾಕಿ ಗ್ಯಾಸ್ ಹಾಕಿಸಿದ್ದ. ಗಣಿಯವನ ಮನೆಗೆ ಗ್ಯಾಸಾ ಎಂದು ಬೀದಿಗೆ ಬೀದಿಯೇ ನಕ್ಕಿತ್ತು. ನಗಲಿ ಬಿಡಿ. ಮನೆಯ ಹೊಗೆಯೇನೋ ನಿಂತಿತು, ಬೀದಿಯ ನಲವತ್ತು ಚಿಮಣಿಗಳ ಹೊಗೆ ನಿಲ್ಲಬೇಕಲ್ಲ!

"ಉಪ್ಪಿನ ಗಣಿಗೆ ಕರ್ಕೊಂಡ್ಹೋಗೋ," ಎಂದ ಅಲೋಯ್ಜಿ. ಅವನು ಪಕ್ಕದ ಮನೆಯವನು, ಗಣಿಯಲ್ಲಿ ಗೆರಾರ್ಡನ ಜೊತೆಗಾರ. "ನೆಲದ ಕೆಳಗೆ ಹಾಸಿಗೆ ಹಾಕ್ಕೊಡ್ತಾರಂತೆ. ಉಪ್ಪಿನ ಗಾಳಿ ಎದೆಗೆ ಅಮೃತ."

"ಇಪ್ಪತ್ತೇಳು ವರ್ಷ ಕೆಳಗಿದ್ದು ಈಗ್ತಾನೇ ಮೇಲೆ ಬಂದಿದೀನಿ. ಉಸಿರಾಡೋಕೆ ಮತ್ತೆ ಇಳೀಬೇಕಾ? ನೆಲದ ಕೆಳಗೆ ಹೇಗೂ ಒಂದಿನ ಹೋಗೋದು ಇದ್ದೇ ಇದೆ."

"ಬೆಟ್ಟ ಅಂದ್ರೆ ಬೆಟ್ಟ," ಎಂದಳು ಅಲೋಯ್ಜಿಯ ಹೆಂಡತಿ. "ನಮ್ಮಜ್ಜಂಗೆ ಕ್ಷಯ ಬಂದಾಗ ಬೆಟ್ಟಕ್ಕೇ ಕಳ್ಸಿದ್ದು. ಆಮೇಲೆ ನಲವತ್ತು ವರ್ಷ ಬದುಕಿ ಎಲ್ರ ಪ್ರಾಣ ತಿಂದ್ರು."

ಗೆರಾರ್ಡ್ ತಲೆದೂಗಿದ. ಬೆಟ್ಟವೆಂದರೆ ಒಳ್ಳೆ ಗಾಳಿ, ಅದರಲ್ಲಿ ಅವನಿಗೆ ಎರಡು ಮಾತಿರಲಿಲ್ಲ. ಹನ್ನೆರಡು ವರ್ಷದಿಂದ ಪ್ರತಿ ಚಳಿಗಾಲ ಗಂಡ ಹೆಂಡತಿ ಬೆಟ್ಟದ ಮಡಿಲಿನ ಊರಿಗೆ, ಅವನ ಅಕ್ಕ ರೋಜಾಲಿಯಾಳ ಮನೆಗೆ ಹೋಗಿಬರುತ್ತಿದ್ದರು. ಅಲ್ಲಿಯೂ ಫ್ರೀದಾ ಕೆಮ್ಮುತ್ತಿದ್ದಳು. ಏರುದಾರಿಯ ಆಯಾಸ ಎಂದು ಅವನು ತೀರ್ಮಾನಿಸಿದ್ದ. ಗಂಡಸರು ಹೆಂಡತಿಯ ಕಾಯಿಲೆಗೆ ಕಾರಣ ಹುಡುಕುವುದರಲ್ಲಿ ಡಾಕ್ಟರಿಗಿಂತ ಒಂದು ಕೈ ಮೇಲು.

"ನನ್ನ ಉಸಿರಿನ ವಿಚಾರ ತಾನೇ?" ಎಂದಳು ಫ್ರೀದಾ, ಕಾಫಿ ಬಗ್ಗಿಸುತ್ತ. ಅವಳು ಮೂವತ್ತು ವರ್ಷ ಶಿಶುವಿಹಾರದ ಅಡುಗೆಮನೆ ನಡೆಸಿದ ಹೆಂಗಸು. ಗಲಾಟೆಯ ನಡುವೆ ದನಿ ಎತ್ತದೆ ಮಾತಾಡುವುದು ಅವಳಿಗೆ ಗೊತ್ತು. "ನನ್ನನ್ನ ಒಬ್ರೂ ಕೇಳ್ತಿಲ್ವಲ್ಲ."

"ಹೇಳು ಮಾರಾಯ್ತಿ," ಎಂದ ಗೆರಾರ್ಡ್.

"ಸಮುದ್ರ."

ಅಲೋಯ್ಜಿ ಗೊಳ್ಳೆಂದು ನಕ್ಕ. ಗೆರಾರ್ಡನೂ ನಕ್ಕ. "ಜನವರೀಲಿ ಬಾಲ್ಟಿಕ್ ತೀರಕ್ಕಾ? ಅಲ್ಲಿಗೆ ಹೋಗೋದು ಕಡಲಕಾಗೆ, ಇಲ್ಲಾ ಹುಚ್ರು."

"ಹುಚ್ರ ಲೆಕ್ಕಕ್ಕೇ ಸೇರಿಸ್ಕೋ. ಹನ್ನೊಂದು ವರ್ಷದವಳಿದ್ದಾಗ ಸ್ಕೂಲಿಂದ ಕಳ್ಸಿದ್ರು, ಇಂಥದೇ ಚಳೀಲಿ. ಮೂರು ವಾರ ನಂಗೊಂದು ಎದೆ ಇದೆ ಅನ್ನೋದೇ ಮರ್ತ್ಹೋಗಿತ್ತು ಗೆರಾರ್ಡ್. ಆಮೇಲೆ ಒಂದ್ಸಲಾನೂ ಹಾಗೆ ಮರ್ತಿಲ್ಲ."

ಆ ಮಾತಿಗೆ ಗೆರಾರ್ಡನ ನಗು ನಿಂತಿತು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಮರುದಿನವೇ ಕಾರ್ಮಿಕ ಸಂಘದ ಕಚೇರಿಗೆ ಹೋಗಿ, ಗಣಿಯವರಿಗಾಗಿ ಸಮುದ್ರದ ದಂಡೆಯಲ್ಲಿ ಕಟ್ಟಿಸಿದ ವಿಶ್ರಾಂತಿಗೃಹದಲ್ಲಿ ಜನವರಿ ಹತ್ತರಿಂದ ಕೋಣೆ ಕಾಯ್ದಿರಿಸಿ ಬಂದ. ಫ್ರೀದಾ ಗಾಳಿಗೆ ಹಾರದಂಥ ಕಿವಿಮುಚ್ಚುವ ಟೋಪಿ ಹೆಣೆಯಲು ಕೂತಳು.

ಕ್ರಿಸ್ಮಸ್ ಕಳೆದ ಎರಡನೇ ದಿನ ಅಕ್ಕನ ಫೋನು ಬಂತು.

ರೋಜಾಲಿಯಾಗೆ ಎಪ್ಪತ್ತೊಂದು. ತಾಯಿ ಸತ್ತಾಗ ಐದು ವರ್ಷದವನಾಗಿದ್ದ ಗೆರಾರ್ಡನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಬೆಟ್ಟದೂರಿಗೆ ಮದುವೆಯಾಗಿ ಹೋದಳು, ಗಂಡ ತೀರಿಕೊಂಡ ಮೇಲೆ ಸ್ಕೀ ಆಡಲು ಬರುವವರಿಗೆ ಎರಡು ಕೋಣೆ ಬಾಡಿಗೆಗೆ ಕೊಟ್ಟು ಬದುಕುತ್ತಿದ್ದಳು. ಈಗ ಸೊಂಟವೇ ಮುರಿದವಳ ಹಾಗೆ ಕೋಲು ಹಿಡಿದಿದ್ದಳು.

"ಸಮುದ್ರಕ್ಕೆ ಹೋಗ್ತೀರಂತೆ, ಅಲೋಯ್ಜಿ ಹೆಂಡ್ತಿ ಹೇಳಿದ್ಲು," ಎಂದಳು. "ಹೋಗ್ಬನ್ನಿ, ಪಾಪ. ನಾನು ನಿಮ್ಮ ಕೋಣೆ ಸುಣ್ಣ ಹೊಡೆಸಿದ್ದೆ. ಇರ್ಲಿ ಬಿಡು. ಮುಂದಿನ ವರ್ಷ ಈ ಮುದುಕಿ ಇರ್ತಾಳೋ ಇಲ್ವೋ."

ಗೆರಾರ್ಡ್ ಫೋನಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತ. ಹೇಗೆ ಹೇಳುವುದೆಂದು ತಿಳಿಯದೆ ಕುತ್ತಿಗೆ ಕೆರೆದುಕೊಂಡ.

ಫ್ರೀದಾ ಸೂಜಿಯಿಂದ ಕಣ್ಣೆತ್ತಲಿಲ್ಲ. "ಅತ್ತಿಗೆ ಅತ್ರಾ?"

"ಅಳಲಿಲ್ಲ. ಅತ್ತಿದ್ರೆ ವಾಸಿಯಿತ್ತು. ಸಮುದ್ರ ಎಲ್ಲಿಗೂ ಓಡಿಹೋಗಲ್ಲ ಫ್ರೀದಾ. ಬರೋ ವರ್ಷ ಖಂಡಿತ. ಅದೂ ಅಲ್ದೆ ಬೆಟ್ಟದ ಗಾಳಿ ಏನು ಕೆಟ್ಟದ್ದಾ?"

ಅವಳು ಸಾಲು ಮುಗಿಯುವವರೆಗೂ ಹೆಣೆದಳು. "ಸರಿ," ಎಂದಳು ಕೊನೆಗೆ. "ಟೋಪಿ ಅಲ್ಲಿಗೂ ಆಗತ್ತೆ."

ಅವಳು ಜಗಳವಾಡಿದ್ದರೆ ಗೆರಾರ್ಡ್ ಸೋಲುತ್ತಿದ್ದ. ಅವನು ಜಗಳದಲ್ಲಿ ಯಾವತ್ತೂ ಸೋಲುವವನೇ.

ಹೊರಡುವ ಬೆಳಿಗ್ಗೆ ಅವನು ನೆಲಮಾಳಿಗೆಗೆ ಇಳಿದ. ನಿವೃತ್ತ ಗಣಿಗನಿಗೆ ವರ್ಷವರ್ಷವೂ ಪಾಲಿನ ಕಲ್ಲಿದ್ದಲು ಮನೆಬಾಗಿಲಿಗೇ ಬರುತ್ತದೆ, ನೀವು ಉರಿಸಿ, ಇಲ್ಲಾ ಬಿಡಿ. ಗ್ಯಾಸ್ ಬಂದ ಮೇಲೆ ಅದು ಗೋಡೆಯುದ್ದಕ್ಕೂ ಹಾಗೇ ಬಿದ್ದಿತ್ತು. ಹೊಳಪಿನ ಗಟ್ಟಿಗಟ್ಟಿ ತುಂಡುಗಳನ್ನು ಆರಿಸಿ ಆರು ಚೀಲ ತುಂಬಿ ಕಾರಿನ ಹಿಂಭಾಗದಲ್ಲಿಟ್ಟ. ಹನ್ನೆರಡು ವರ್ಷದಿಂದ ಅಕ್ಕನಿಗೆ ಒಯ್ಯುತ್ತಿದ್ದುದು ಎರಡು ಚೀಲ. ಈ ಸಲ ಅಕ್ಕನಿಗೆ ಸೊಂಟನೋವು, ಫ್ರೀದಾಗೆ ಬೆಚ್ಚಗಿನ ಕೋಣೆ ಬೇಕು.

ಫ್ರೀದಾ ನೋಡಿ ನಕ್ಕಳು. "ಇದ್ರಿಂದ ತಪ್ಪಿಸ್ಕೊಳ್ಳೋಕೆ ತಾನೇ ಹೊರಟಿರೋದು? ಅದನ್ನೇ ಗಾಡಿಗೆ ತುಂಬ್ತೀಯಲ್ಲೋ!"

"ತಾಯಿಯಂಥ ಅಕ್ಕನ ಮನೆಗೆ ಬರಿಗೈಲಿ ಹೋಗೋಕಾಗತ್ತಾ? ಅಲ್ಲಿನ ಕಲ್ಲಿದ್ದಲು ಬರೀ ಮಣ್ಣು. ಇದು ನಮ್ಮ ಗಣೀದು, ಚಿನ್ನ."

ಅಕ್ಕ ಬಾಗಿಲಲ್ಲೇ ಕಾದಿದ್ದಳು. ಫ್ರೀದಾಳ ಎರಡೂ ಕೆನ್ನೆಗೆ ಮುತ್ತಿಟ್ಟಳು, ತಮ್ಮನ ತಲೆಗೆ ಮೊಟಕಿದಳು, ಚೀಲಗಳನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡಳು. ಹುಳಿಹಿಟ್ಟಿನ ಸಾರು, ಹೊಗೆ ಹಾಕಿದ ಕುರಿಹಾಲಿನ ಗಿಣ್ಣು ಸಿದ್ಧವಾಗಿದ್ದವು. ಕೋಣೆ ಬೆಚ್ಚಗಿಡುವ ಹೆಂಚು ಹೊದಿಸಿದ ಒಲೆ ನಿಗಿನಿಗಿ ಕಾದಿತ್ತು. ಕಿಟಕಿಯ ಸಂದುಗಳಿಗೆಲ್ಲ ಅಕ್ಕ ಹಳೆ ಕಂಬಳಿಯ ಸುರುಳಿ ತುರುಕಿ ಭದ್ರ ಮಾಡಿದ್ದಳು. "ಒಂದೆಳೆ ತಂಗಾಳೀನೂ ಒಳಗೆ ಬರಲ್ಲ ಫ್ರೀದಾ. ನಿನ್ನೆದೆಗೆ ಏನೂ ಆಗದ ಹಾಗೆ ನೋಡ್ಕೋತೀನಿ."

ಎರಡು ದಿನ ಹಿಮ ಬಿತ್ತು, ಗಾಳಿ ಬೀಸಿತು. ಫ್ರೀದಾ ಚೆನ್ನಾಗಿಯೇ ಇದ್ದಳು. ಮೂರನೇ ದಿನ ಆಕಾಶ ತಿಳಿಯಾಯಿತು, ಗಾಳಿ ಸತ್ತಿತು, ಚಳಿ ಮೈನಸ್ ಹದಿನೆಂಟಕ್ಕೆ ಇಳಿಯಿತು. ಊರಿನ ಪ್ರತಿ ಮನೆಯಲ್ಲೂ ಬಾಡಿಗೆಯವರು. ಪ್ರತಿ ಒಲೆಯಲ್ಲೂ ಬೆಂಕಿ. ಮೇಲೆ ಹೋಗದ ಹೊಗೆ ಕಣಿವೆಯಲ್ಲೇ ಬಿದ್ದುಕೊಂಡಿತು. ಬೆಳಿಗ್ಗೆ ಕಿಟಕಿಯಿಂದ ನೋಡಿದ ಗೆರಾರ್ಡ್, "ಆಹಾ, ಎಂಥ ಮಂಜು!" ಎಂದ. ಗಣಿಯಲ್ಲಿ ಗಾಳಿ ಕೆಟ್ಟಿದೆಯೆಂದು ದೀಪದ ಉರಿ ನೋಡಿಯೇ ಹೇಳಬಲ್ಲವನಾಗಿದ್ದ ಅವನು. ಬಯಲಿಗೆ ಬಂದವನೇ ಕುರುಡನಾಗಿದ್ದ.

ಫ್ರೀದಾಳ ಇನ್ಹೇಲರ್ ದಿನಕ್ಕೆ ಎರಡು ಸಲದಿಂದ ಆರು ಸಲಕ್ಕೆ ಏರಿತು. ಐದನೇ ದಿನ ಮಧ್ಯಾಹ್ನ ಅವಳು ಊಟದ ತಟ್ಟೆ ಸರಿಸಿದಳು.

"ಅತ್ತಿಗೆ, ಸ್ವಲ್ಪ ಕಿಟಕಿ ತೆಗೀತೀರಾ? ಉಸಿರು ಕಟ್ಟತ್ತೆ."

"ಅಯ್ಯೋ ದೇವರೇ! ಒಳಗೆ ಇಷ್ಟು ಸೆಕೆ, ಹೊರಗೆ ಅಷ್ಟು ಚಳಿ. ಎದುರುಗಾಳಿ ಹೊಡೆದ್ರೆ ಸಾಯ್ತೀಯ! ನಮ್ಮನೆಯವ್ರು ಹೋಗಿದ್ದೂ ಹಾಗೇ."

"ಒಲೇನಾದ್ರೂ ತಗ್ಗಿಸಿ."

ರೋಜಾಲಿಯಾ ತಮ್ಮನ ಮುಖ ನೋಡಿದಳು. ಫ್ರೀದಾಳೂ ನೋಡಿದಳು. ಇಬ್ಬರು ಹೆಂಗಸರ ನಡುವೆ ಸಿಕ್ಕ ಗೆರಾರ್ಡ್ ಎದ್ದುಹೋಗಿ ಕಿಟಕಿಯ ಸುರುಳಿಯನ್ನು ಮುಟ್ಟಿದ. ಮುಟ್ಟಿ, ಇನ್ನಷ್ಟು ಒತ್ತಿ ಕೂರಿಸಿದ.

"ಅಕ್ಕ ಹೇಳೋದು ಸರಿ ಫ್ರೀದಾ. ನಾಳೆ ಬಿಸಿಲು ಬಂದ್ಮೇಲೆ ತೆಗ್ಯೋಣ."

ಫ್ರೀದಾ ಟೋಪಿ ತೆಗೆದುಕೊಂಡು ಅಂಗಳಕ್ಕೆ ಹೋದಳು, ಹೋದಷ್ಟೇ ಬೇಗ ವಾಪಸು ಬಂದಳು. ಹೊರಗೂ ಅದೇ. ಬಾಣಲೆಯಿಂದ ಬೆಂಕಿಗೆ, ಬೆಂಕಿಯಿಂದ ಬಾಣಲೆಗೆ.

ನಾಲ್ಕು ಗಂಟೆಗೆ ಸ್ಕೀ ಆಡಿ ದಣಿದವರು ಮನೆಗಳಿಗೆ ಮರಳುತ್ತಾರೆ. ಊರಿನ ಒಲೆಗಳೆಲ್ಲ ಒಟ್ಟಿಗೆ ಮೇವು ಕೇಳುವುದು ಆಗಲೇ. ಆ ಹೊತ್ತಿಗೆ ಫ್ರೀದಾಗೆ ಉಬ್ಬಸ ಬಂತು. ಮಂಚದ ತುದಿಯಲ್ಲಿ ಕೂತು ಎರಡೂ ಕೈಯನ್ನು ಮೊಣಕಾಲಿಗೆ ಊರಿದಳು. ಹೆಗಲು ಏರಿಳಿಯುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಇನ್ಹೇಲರ್ ಒತ್ತಿದರು, ಒತ್ತಿದರು. ತುಟಿ ನೀಲಿಯಾಯಿತು. ಆಂಬ್ಯುಲೆನ್ಸ್ ಹಿಮದ ರಸ್ತೆ ಹತ್ತಿ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಆ ಇಪ್ಪತ್ತೈದು ನಿಮಿಷವೂ ಅವಳು ಗೆರಾರ್ಡನ ಅಂಗಿಯ ತೋಳು ಹಿಡಿದೇ ಇದ್ದಳು. ಒಂದು ಸಲ ಕಿಟಕಿಯ ಕಡೆ ಕಣ್ಣು ಹೊರಳಿಸಿದಳು. ಅವನಿಗೆ ಅರ್ಥವಾಗಲಿಲ್ಲ, ಯಾರೋ ಬಂದರೆಂದು ಅವನೂ ಆ ಕಡೆ ನೋಡಿದ.

ಒಳಗೆ ಕಾಲಿಟ್ಟ ಆಂಬ್ಯುಲೆನ್ಸಿನವನು ಮಾಡಿದ ಮೊದಲ ಕೆಲಸವೆಂದರೆ ಕಂಬಳಿಯ ಸುರುಳಿ ಕಿತ್ತೆಸೆದು, "ಬಾಗಿಲು ತೆಗೀರಿ, ಕಾರಿಡಾರಿಗೆ ಎತ್ಕೊಳ್ಳಿ!" ಎಂದು ಕೂಗಿದ್ದು.

ಫ್ರೀದಾ ಆಸ್ಪತ್ರೆ ಸೇರುವ ಮುಂಚೆ, ಆಂಬ್ಯುಲೆನ್ಸಿನಲ್ಲೇ ತೀರಿಹೋದಳು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಾಗದ ತುಂಬುತ್ತ ಎಲ್ಲಿಂದ ಬಂದದ್ದು, ಯಾಕೆ ಬಂದದ್ದು ಎಂದು ಕೇಳಿದಳು.

"ರಿಬ್ನಿಕ್‌ನಿಂದ, ಹವಾ ಬದಲಾವಣೆಗೆ," ಎಂದ ಗೆರಾರ್ಡ್.

ಅವಳ ಪೆನ್ನು ನಿಂತಿತು. "ಇಲ್ಲಿಗಾ? ಈ ಊರು ಒಂದು ಬಟ್ಟಲಿದ್ದ ಹಾಗೆ ಸರ್. ಗಾಳಿ ನಿಂತ ದಿನ ಒಲೆಗಳ ಹೊಗೆ ಎಲ್ಲಾ ಇಲ್ಲೇ ತಂಗತ್ತೆ. ಈ ವಾರ ನಿಮ್ಮ ರಿಬ್ನಿಕ್‌ಗಿಂತ ಇಲ್ಲೇ ಕೆಟ್ಟದಾಗಿದೆ. ನಿಮಗೆ ಯಾರೂ ಹೇಳ್ಲಿಲ್ವಾ?"

ಹೇಳಿದ್ದರು. ಕಾಫಿ ಬಗ್ಗಿಸುತ್ತ ಹೇಳಿದ್ದಳು. ಊಟದ ತಟ್ಟೆ ಸರಿಸಿ ಹೇಳಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಗೆರಾರ್ಡನಂಥವರಿಗಾಗಿಯೇ ಹುಟ್ಟಿದ್ದಿರಬೇಕು. ಅವನು ಬೆಂಚಿನ ಮೇಲೆ ಕೂತು ಹನ್ನೆರಡು ಚಳಿಗಾಲಗಳನ್ನು ಒಂದೊಂದಾಗಿ ಲೆಕ್ಕ ಹಾಕಿದ. ಪ್ರತಿಯೊಂದರಲ್ಲೂ ಅವಳು ಕೆಮ್ಮಿದ್ದು ಈಗ ಕೇಳಿಸಿತು. ಏರುದಾರಿಯಂತೆ, ಏರುದಾರಿ! ಅವನು ಗಟ್ಟಿಯಾಗಿ ಅತ್ತುಬಿಟ್ಟ. ಕಾರಿಡಾರಿನಲ್ಲಿದ್ದವರು ತಿರುಗಿ ನೋಡಿದರೂ ಅವನು ನಾಚಲಿಲ್ಲ.

ಮರುದಿನ ಹತ್ತು ಗಂಟೆಗೆ ಅವಳ ಬಟ್ಟೆಬರೆ ತೆಗೆದುಕೊಳ್ಳಲು ಅಕ್ಕನ ಮನೆಗೆ ಹೋದ. ದಾರಿಯುದ್ದಕ್ಕೂ ಒಂದೇ ನಿರ್ಧಾರ. ಅಕ್ಕನಿಗೆ ಹೇಳಬೇಕು. ನಿನ್ನ ಕಂಬಳಿಯ ಸುರುಳಿ, ನಿನ್ನ ಎದುರುಗಾಳಿ, ನಿನ್ನ ಒಲೆ ಎಂದು ಹೇಳಬೇಕು. ಒಬ್ಬನೇ ಹೊತ್ತರೆ ಬೆನ್ನು ಮುರಿಯುವಂಥ ಭಾರ ಅದು. ಅರ್ಧ ಅವಳೂ ಹೊರಲಿ.

ರೋಜಾಲಿಯಾ ಅಡುಗೆಮನೆಯಲ್ಲಿ ಕೂತಿದ್ದಳು. ನಿನ್ನೆಯ ಉಡುಪಿನಲ್ಲೇ ಇದ್ದಳು, ತಲೆ ಬಾಚಿರಲಿಲ್ಲ. ಕೋಲು ನೆಲದ ಮೇಲೆ ಬಿದ್ದಿತ್ತು. ಅವನನ್ನು ಕಂಡು ಏಳಲು ನೋಡಿ ಆಗದೆ ಕೈ ಚಾಚಿದಳು.

"ತಮ್ಮಾ, ಒಂದು ಮಾತು ಹೇಳ್ತೀನಿ. ಪಾದ್ರಿಗಳ ಹತ್ರಾನೂ ಹೇಳ್ತೀನಿ, ಮೊದ್ಲು ನಿಂಗೆ. ನಿನ್ನೆ ಊಟ ಆದ್ಮೇಲೆ ನಾನು ಒಲೆಗೆ ಎರಡು ಸಲಿಕೆ ಕಮ್ಮಿ ಹಾಕ್ದೆ. ನೀನು ತಂದಿದ್ದು ಮಾರ್ಚ್‌ವರೆಗೂ ಬರ್ಲಿ ಅಂತ ಆಸೆ ಮಾಡ್ದೆ. ಕೋಣೆ ತಣ್ಣಗಾಗಿತ್ತು ಅಲ್ವಾ? ಚಳಿ ಎದೆಗೆ ಹೊಕ್ಕಿತು ಅಲ್ವಾ? ನನ್ನ ಜಿಪುಣತನ ನಿನ್ನ ಫ್ರೀದಾನ ತಿಂದುಬಿಡ್ತು ತಮ್ಮಾ."

ಗೆರಾರ್ಡನ ಬಾಯಿ ತೆರೆದೇ ಇತ್ತು. ದಾರಿಯಲ್ಲಿ ಕಟ್ಟಿಕೊಂಡ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು. ಆ ಮುದುಕಿಯ ಗಲ್ಲ ಅದುರುವುದನ್ನು ನೋಡಿದ. ತಾಯಿ ಸತ್ತ ದಿನ ಅವನನ್ನು ಎತ್ತಿಕೊಂಡು ನಿಂತಿದ್ದವಳ ಗಲ್ಲವೂ ಹೀಗೇ ಅದುರಿತ್ತು. ಸತ್ಯ ಹೇಳಿದರೆ ಇವಳು ಈ ಚಳಿಗಾಲ ದಾಟುವುದಿಲ್ಲ. ಭಾರವೇನೋ ಇವಳಿಗೂ ಬರುತ್ತದೆ, ಅವನ ಪಾಲು ಗುಲಗಂಜಿಯಷ್ಟೂ ಇಳಿಯುವುದಿಲ್ಲ. ಕಲ್ಲಿದ್ದಲು ತಂದವನು ಅವನು. ಕಿಟಕಿ ಒತ್ತಿದವನೂ ಅವನೇ.

ಅವನು ಬಗ್ಗಿ ಕೋಲೆತ್ತಿ ಅವಳ ಕೈಗೆ ಕೊಟ್ಟ.

"ಇಲ್ಲಕ್ಕಾ. ಕೋಣೆ ಬೆಚ್ಚಗೇ ಇತ್ತು."

"ಆಣೆ ಮಾಡಿ ಹೇಳು."

"ದೇವರಾಣೆ. ತುಂಬಾ ಬೆಚ್ಚಗಿತ್ತು."

ರೋಜಾಲಿಯಾ ಅವನ ಎದೆಗೆ ತಲೆಯಾನಿಸಿ, ತಪ್ಪು ತನ್ನದಲ್ಲವೆಂದು ಗೊತ್ತಾದವರು ಅಳುವ ಹಾಗೆ ಹಗುರಾಗಿ ಅತ್ತಳು. ಗೆರಾರ್ಡ್ ಅವಳ ಬೆನ್ನು ಸವರುತ್ತ ನಿಂತ. ಅವನಿಗೆ ಮಾತ್ರ ಅಳು ಬರಲಿಲ್ಲ.