ಜಲ ಏಳುವ ಜಾಗ

ಬೇಸಿಗೆಯಲ್ಲಿ ಬಂದು ಮಲೆನಾಡನ್ನು ಅಳೆದು ಹೋಗುವವರನ್ನು ಕಂಡರೆ ಭೈರಮ್ಮನಿಗೆ ಮೈಯೆಲ್ಲ ಉರಿಯುತ್ತದೆ. ಉರಿಯದೆ ಏನು? ಮಾರ್ಚ್ ತಿಂಗಳ ಧೂಳಿನಲ್ಲಿ ಎಂಜಿನಿಯರ್ ಶಶಿಕಿರಣ್ ಕೊಪ್ಪದ ಅಂಚಿನ ಗುಡ್ಡಕ್ಕೆ ಬಂದು ಪರಿಸರಸ್ನೇಹಿ ಪಾರ್ಕಿನ ನಕ್ಷೆ ಬಿಡಿಸಿದ. ಗುಡ್ಡಕ್ಕೆ ಅಡ್ಡವಾಗಿದ್ದ ಹಳೆಯ ಬಸಿಗಾಲುವೆಯನ್ನು ಬೂಟುಗಾಲಿನಲ್ಲೇ ತೋರಿಸಿ, "ಮಕ್ಕಳು ಬಿದ್ದಾರು, ಮುಚ್ಚಿ" ಎಂದ.

ಮುಚ್ಚಿದವಳು ಪಾರ್ಕಿನ ಕೂಲಿಗೆ ಬಂದಿದ್ದ ಭೈರಮ್ಮನೇ. ಮೂವತ್ತು ವರ್ಷ ಕಂಡವರ ಅಡಿಕೆ ತೋಟದಲ್ಲಿ ಕಾಲುವೆ ಬಿಡಿಸಿದ ಕೈ ಅವಳದು.

"ಸಾರ್, ಮಳೆ ಹಿಡಿದ್ಮೇಲೆ ಇಲ್ಲಿ ಜಲ ಏಳ್ತದೆ. ನೆಲದ ಒಳಗಿಂದ್ಲೇ ನೀರು ಬರ್ತದೆ" ಎಂದಿದ್ದಳು.

"ಡ್ರಾಯಿಂಗಲ್ಲಿ ಇಲ್ಲ ಅಮ್ಮ."

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಮಣ್ಣು ತುಂಬಿದ್ದಳು. ಅವನ ಮೇಲಿನ ಸಿಟ್ಟು ಒಂದು ಪಾಲಾದರೆ ತನ್ನ ಮೇಲಿನದು ಎರಡು ಪಾಲು.

ಕಾಲುವೆ ಇದ್ದಲ್ಲಿ ಹುಲ್ಲುಹಾಸು ಬಂತು. ಅದರ ಕೆಳಗೆ ಗುಡ್ಡಕ್ಕೆ ಆನಿಸಿ ಕಲ್ಲಿನ ಗೋಡೆ, ಗೋಡೆಯ ಬುಡದಲ್ಲೇ ಮಕ್ಕಳ ಜಾರುಬಂಡಿ. ಪುನರ್ವಸು ಮಳೆ ಜಡಿಯತೊಡಗಿತು. ಉದ್ಘಾಟನೆಯ ಮುನ್ನಾದಿನ ಕಸ ಗುಡಿಸಲು ಹೋದ ಭೈರಮ್ಮ ಗೋಡೆಗೆ ಕೈ ಇಟ್ಟು ನೋಡಿದಳು. ನಡುಮಧ್ಯ ಉಬ್ಬಿ ಹೊಟ್ಟೆ ಬಂದಿತ್ತು. ಸಂದಿಸಂದಿಯಿಂದ ಕೆಂಪು ನೀರು ಇಳಿಯುತ್ತಿತ್ತು. ಎದುರಿನ ಅಂಗನವಾಡಿಯ ಕಿಟಕಿಯಲ್ಲಿ ಅವಳ ಮೊಮ್ಮಗಳು, ನಾಲ್ಕು ವರ್ಷದ ನಿಶ್ಚಿತಾ, ಜಾರುಬಂಡಿಯನ್ನೇ ನೋಡುತ್ತ ನಿಂತಿದ್ದಳು. ನಾಳೆ ಮೊದಲು ಜಾರುವವರು ಅಂಗನವಾಡಿಯ ಮಕ್ಕಳೇ ಎಂದು ಆಗಲೇ ತೀರ್ಮಾನವಾಗಿತ್ತು.

ಭೈರಮ್ಮ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗುದ್ದಲಿ ತಂದು ಹುಲ್ಲುಹಾಸಿನ ನಟ್ಟನಡುವೆ ಹೊಡೆದಳು.

ಸುದ್ದಿ ಮುಟ್ಟಿ ಶಶಿಕಿರಣ್ ಜೀಪಿನಲ್ಲಿ ಓಡಿಬಂದ. "ಎಂತ ಮಾಡ್ತಿದ್ದೀರಿ? ಪೊಲೀಸರನ್ನ ಕರೀತೀನಿ."

"ಕರೀರಿ ಮಾರಾಯ್ರೆ. ಅವ್ರು ಬರೋ ತನಕ ಆ ಜಾರುಬಂಡಿ ಮೇಲೆ ಕೂತಿರಿ."

ಅವಳ ಹುಚ್ಚು ಬಿಡಿಸುವವನಂತೆ ಅವನು ಗೋಡೆಯ ಕಡೆ ದಾಪುಗಾಲು ಹಾಕಿದ. ಹತ್ತಿರ ಹೋಗಿ ನೋಡಿದವನ ಮುಖ ಬಿಳಿಚಿತು. ಅಷ್ಟರಲ್ಲಿ ಮೇಲಿನ ಸಾಲಿನ ಕಲ್ಲೊಂದು ಜಾರಿ ಜಾರುಬಂಡಿಯ ಮೇಲೆ ಬಿತ್ತು. ಅವನು ನಾಲ್ಕು ಹೆಜ್ಜೆ ಹಿಂದಕ್ಕೆ ಬಂದ.

"ನೀವು ನಿಲ್ಲದ ಜಾಗಕ್ಕೆ ನನ್ನ ಮೊಮ್ಮಗಳನ್ನ ಕಳಿಸ್ಬೇಕಾ?" ಎಂದಳು ಭೈರಮ್ಮ. ಗುದ್ದಲಿ ನಿಲ್ಲಲಿಲ್ಲ.

ಅವನು ಫೋನು ತೆಗೆದು ಪೊಲೀಸರಿಗಲ್ಲ, ಉದ್ಘಾಟನೆ ಮುಂದಕ್ಕೆ ಹಾಕಲು ಕರೆ ಮಾಡಿದ. ಅವಳ ಜೊತೆ ಕೂಲಿ ಮಾಡುತ್ತಿದ್ದ ಧರ್ಮಪ್ಪನೂ ಇನ್ನಿಬ್ಬರು ಆಳುಗಳೂ ಕೈ ಜೋಡಿಸಿದರು. ಸಂಜೆಯೊಳಗೆ ಕಾಲುವೆ ಬಾಯಿ ಬಿಟ್ಟು, ಗುಡ್ಡದ ನೀರು ಪಕ್ಕದ ಹಳ್ಳಕ್ಕೆ ಇಳಿಯಿತು. ಆಮೇಲೆ ಗೋಡೆ ಬಿಚ್ಚಿ ಕಟ್ಟಿದರು, ಜಾರುಬಂಡಿಯನ್ನು ಬಯಲಿಗೆ ಸಾಗಿಸಿದರು.

ಅಕ್ಟೋಬರಿನಲ್ಲಿ ಪಾರ್ಕು ಕೊನೆಗೂ ತೆರೆಯಿತು. ಕಾಲುವೆಯ ಪಕ್ಕ ಹೊಸ ಬೋರ್ಡು. ಭೈರಮ್ಮ ಅಕ್ಷರ ಕೂಡಿಸಿ ಓದಿದಳು: ನೈಸರ್ಗಿಕ ಮಳೆನೀರು ಕಾಲುವೆ. ವಿನ್ಯಾಸ: ಶಶಿಕಿರಣ್. ಬಂದ ಗಣ್ಯರು ಅದಕ್ಕೂ ಚಪ್ಪಾಳೆ ತಟ್ಟಿದರು. ಅವಳ ಸಿಟ್ಟು ನೆತ್ತಿಗೇರಿತು. ನೇರ ಅವನ ಎದುರು ಹೋಗಿ ನಿಂತಳು.

"ಸಾರ್, ಬೋರ್ಡಲ್ಲಿ ಇನ್ನೊಂದು ಸಾಲಿಗೆ ಜಾಗ ಉಂಟು. ವರ್ಷ ವರ್ಷ ಮಳೆಗಾಲಕ್ಕೆ ಮುಂಚೆ ಇದರ ಕೆಸರು ತೆಗೆಯೋರು ಯಾರು ಅಂತ ಬರೆಸಿ."

ಶಶಿಕಿರಣ್ ನಕ್ಕ. "ನೀವಿದ್ದೀರಲ್ಲ ಅಮ್ಮ."

"ಹಂಗಾದ್ರೆ ಅದನ್ನೇ ಬರೆಸಿ."

ಅವನು ಜೇಬಿನಿಂದ ಪೆನ್ನು ತೆಗೆಯುವ ತನಕ ಅವಳು ಅಲ್ಲಿಂದ ಕದಲಲಿಲ್ಲ.