ಸೀಸಿಯಂ ಲೆಕ್ಕ

ಲೆಕ್ಕ ತಪ್ಪಿದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೂರದ ಅಣು ಸಂಶೋಧನಾ ಕೇಂದ್ರವೊಂದರಲ್ಲಿ ಮೂವತ್ತು ವರ್ಷ ದುಡಿದು, ಈಗ ಮೈಸೂರಿನ ಚಾಮರಾಜಪುರಂನ ಮನೆಯಲ್ಲಿ ಕೂತಿರುವ ಮುದುಕ ನಾನು. ನನ್ನ ಬೈಗುಳ ತಿಂದೇ ಗಣಿತ ಕಲಿತವಳು ಅನುಪಮಾ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಂಟಯ್ಯನ ಮಗಳು. ಈಗ ಭೌತಶಾಸ್ತ್ರದಲ್ಲಿ ಎಂಎಸ್ಸಿ ಓದುತ್ತಿದ್ದಾಳೆ.

ಭಾನುವಾರ ಬೆಳಿಗ್ಗೆ ಉದಯಗಿರಿಯಿಂದ ಬಂದಳು.

"ದೊಡ್ಡಪ್ಪ, ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಡ್ತೀವಿ. ನೀವು ಬರ್ಬೇಕಂತೆ, ಅಮ್ಮ ಹೇಳಿ ಕಳ್ಸವ್ರೆ."

ಐದು ವರ್ಷದಿಂದ ಆ ಎಡೆಯ ಊಟ ಉಂಡಿದ್ದೇನೆ. "ಬರ್ದೇ ಇರ್ತೀನಾ" ಎಂದೆ.

ಆಮೇಲೆ ಅವಳು ಚೀಲದಿಂದ ಒಂದು ಕಾಗದ ತೆಗೆದಳು. ಮಾಹಿತಿ ಹಕ್ಕಿನಲ್ಲಿ ಪಡೆದ, ನಮ್ಮ ಕೇಂದ್ರದ ಹಳೆಯ ವರದಿ. ಸಹಿಯ ಮೇಲೆ ಕಪ್ಪು ಪಟ್ಟಿ ಬಳಿದಿದ್ದರು.

"ಅಪ್ಪ ಕತ್ತರಿಸಿದ್ದ ಇಂಧನದ ತುಣುಕು ರಿಯಾಕ್ಟರಿಂದ ಹೊರಗೆ ಬಂದು ಹನ್ನೆರಡು ವರ್ಷ ಆಗಿತ್ತು ಅಂತ ಬರ್ದವ್ರೆ. ಆದ್ರೆ ಇಲ್ಲಿ ಎರಡು ಬಗೆ ಸೀಸಿಯಂ ಅಂಕಿ ಇವೆ ನೋಡಿ. ಒಂದು ಬಗೆ ಎರಡೇ ವರ್ಷಕ್ಕೆ ಅರ್ಧ ಆಗೋದು, ಇನ್ನೊಂದು ಮೂವತ್ತು ವರ್ಷಕ್ಕೆ. ಎರಡನ್ನೂ ಹೋಲಿಸಿದ್ರೆ ಬರೀ ಎರಡು ವರ್ಷ ಬರುತ್ತೆ. ನನ್ ಲೆಕ್ಕ ತಪ್ಪಾ?"

ಹನ್ನೆರಡು ವರ್ಷ ಆರಿದ ಇಂಧನದ ವಿಕಿರಣ ತಡೆಯಲು ತೆಳ್ಳನೆಯ ಸೀಸದ ಮರೆ ಸಾಕು. ಎರಡು ವರ್ಷದ್ದಕ್ಕೆ ಸಾಲದು. ಮಂಟಯ್ಯ ಆ ತೆಳು ಮರೆಯ ಹಿಂದೆ ನಿಂತು ಅದನ್ನು ಕತ್ತರಿಸಿದ್ದ. ರಕ್ತದ ಕ್ಯಾನ್ಸರ್ ಬಂದು ಸತ್ತ. ತನಿಖೆ ಮಾಡಿದವರು ಅವನದೇ ಅಜಾಗರೂಕತೆ ಎಂದರು. ಆಸ್ಪತ್ರೆಯಲ್ಲಿ ಅವನೂ ನನ್ನ ಕೈ ಹಿಡಿದು, "ನಾನೇ ಎಲ್ಲೋ ಎಡವಟ್ಟು ಮಾಡ್ಕಂಡೆ ಕಣಣ್ಣ" ಎಂದಿದ್ದ.

ಆ ತುಣುಕನ್ನು ಅಳೆದ ಶುಕ್ರವಾರ ಯಂತ್ರ ಅಂಕಿಗಳನ್ನು ಸರಿಯಾಗಿಯೇ ಕೊಟ್ಟಿತ್ತು. ಲೆಕ್ಕ ಹಾಕಲು ಸೋಮಾರಿತನವಾಗಿ, ಡಬ್ಬಿಯ ಚೀಟಿಯಲ್ಲಿದ್ದ ವರ್ಷವನ್ನೇ ವರದಿಗೆ ನಕಲು ಮಾಡಿ, ಸಹಿ ಹಾಕಿ ಮೈಸೂರಿನ ಬಸ್ಸು ಹಿಡಿದವನು ನಾನು. ಥೂ, ನನ್ನ ಜನ್ಮಕ್ಕಿಷ್ಟು.

"ಶುರುವಿನ ಅಂಕಿನೇ ತಪ್ಪು ಹಿಡ್ದಿದ್ದೀಯ. ಹನ್ನೆರಡೇ ಸರಿ" ಎಂದೆ.

ಅವಳು ವಾದಿಸಲಿಲ್ಲ. ನಾನು ಹೇಳಿದ ಲೆಕ್ಕವನ್ನು ಎಂದೂ ಅನುಮಾನಿಸಿದವಳಲ್ಲ. ಕಾಗದ ಮಡಿಸಿದಳು.

"ಹಂಗಾದ್ರೆ ಅಪ್ಪಂದೇ ತಪ್ಪು. ಅಮ್ಮನಿಗೂ ಹೇಳ್ಬುಡ್ತೀನಿ" ಎಂದು ಚಪ್ಪಲಿ ಮೆಟ್ಟಿದಳು.

ಅವಳು ಗೇಟು ತೆರೆಯುತ್ತಿದ್ದಳು. ನಾನು ಕೂಗಿ ಕರೆದೆ.

"ನಿನ್ ಲೆಕ್ಕ ಸರಿಯಾಗೇ ಇದೆ ಕಣಮ್ಮ. ಎರಡೇ ವರ್ಷ. ಆ ಕಪ್ಪು ಪಟ್ಟಿ ಕೆಳಗಿರೋದು ನನ್ ಸಹಿ."

ಅವಳು ಹಿಂದಿರುಗಿ ಬಂದು ನನ್ನೆದುರು ನಿಂತಳು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ.

"ಅಮಾವಾಸ್ಯೆ ದಿನ ಬನ್ನಿ" ಎಂದಳು. ದೊಡ್ಡಪ್ಪ ಎನ್ನಲಿಲ್ಲ. "ಊಟಕ್ಕಲ್ಲ. ಅಪ್ಪನ ಎಡೆ ಮುಂದೆ ನಿಂತು, ಅಮ್ಮನಿಗೆ ಇದನ್ನೇ ಹೇಳಿ."